ಚಳಿಗಾಲಕ್ಕೆ ಈಜುಕೊಳವನ್ನು ಬರಿದು ಮಾಡಬೇಕೇ?

ಪ್ರಶ್ನೆ: ನಮ್ಮ ಅಂಗಳದಲ್ಲಿ ನೆಲದೊಳಗೆ ಕಟ್ಟಿಸಿದ ಈಜುಕೊಳವಿದೆ. ಚಳಿಗಾಲದಲ್ಲಿ ಇಲ್ಲಿ ನೀರು ಹೆಪ್ಪುಗಟ್ಟುತ್ತದೆ. ಕಳೆದ ಬಾರಿ ಬಿಸಿಲಿನ ದಿನಗಳು ಇನ್ನೂ ಇರುವಾಗಲೇ ಹೊದಿಕೆ ಹಾಕಿದ್ದೆವು, ತೆರೆದಾಗ ನೀರೆಲ್ಲ ಹಸಿರಾಗಿತ್ತು. ಈ ಸಲ ಕೊಳವನ್ನು ಪೂರ್ತಿ ಖಾಲಿ ಮಾಡಬಹುದೇ?

ಉತ್ತರ: ದಯವಿಟ್ಟು ಖಾಲಿ ಮಾಡಬೇಡಿ. ಕೊಳದ ಸುತ್ತಲಿನ ಮಣ್ಣಿನಲ್ಲಿರುವ ಅಂತರ್ಜಲ ಹೊರಗಿನಿಂದ ಸದಾ ಒತ್ತುತ್ತಿರುತ್ತದೆ. ಒಳಗಿನ ನೀರಿನ ಭಾರ ಇಲ್ಲವಾದರೆ ಗೋಡೆ ಬಿರುಕು ಬಿಡಬಹುದು, ಇಡೀ ಕೊಳವೇ ಮೇಲೆದ್ದು ಬರಲೂಬಹುದು. ಕೊಳದಲ್ಲಿ ನಿಂತ ನೀರಿಗಿಂತ ನೀವು ಹೆದರಬೇಕಾದದ್ದು ಕೊಳವೆ, ಪಂಪ್ ಮತ್ತು ಫಿಲ್ಟರ್‌ಗಳಲ್ಲಿ ಉಳಿದುಬಿಡುವ ನೀರಿಗೆ. ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದ ಕಡೆ ಕೊಳವೆಯನ್ನೇ ಸೀಳುತ್ತದೆ.

ನೀರು ಹಸಿರಾಗಲು ಬಹುಮಟ್ಟಿಗೆ ನಿಮ್ಮ ಅವಸರವೇ ಕಾರಣವಿರಬೇಕು, ಏಕೆಂದರೆ ಬೆಚ್ಚಗಿನ ನೀರಿನಲ್ಲಿ ಪಾಚಿ ಹೊದಿಕೆಯ ಕೆಳಗೂ ಬೆಳೆಯುತ್ತದೆ. ನೀರಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಅಲ್ಲೇ ನಿಲ್ಲುವವರೆಗೆ ಕಾಯಿರಿ. ಆಮೇಲೆ ತಳ ಮತ್ತು ಗೋಡೆಗಳನ್ನು ಉಜ್ಜಿ, ಎಲೆಗಳನ್ನೆಲ್ಲ ತೆಗೆದು, ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ) 7.2ರಿಂದ 7.6ರ ನಡುವೆಯೂ, ಪಿಎಚ್ ಏರುಪೇರಾಗದಂತೆ ತಡೆಯುವ ಒಟ್ಟು ಕ್ಷಾರೀಯತೆ 80ರಿಂದ 120 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ನಡುವೆಯೂ ಇರುವಂತೆ ನೋಡಿಕೊಳ್ಳಿ. ಹೆಚ್ಚಿನ ಪ್ರಮಾಣದ ಕ್ಲೋರಿನ್ ಹಾಕಿ ಪಂಪ್ ಓಡಿಸಿ. ಪಾಚಿನಾಶಕವನ್ನು ಅದರ ಜೊತೆಗೇ ಸುರಿಯದೆ, ಕ್ಲೋರಿನ್ ಮಟ್ಟ ಇಳಿದ ಮೇಲೆ ಹಾಕಿ.

ಇನ್ನು ಕೊಳವೆಗಳ ಕೆಲಸ. ನಿಜವಾಗಿ ತಾಳ್ಮೆ ಬೇಕಾಗುವುದು ಇಲ್ಲಿಯೇ. ನೀರಿನ ಮಟ್ಟವನ್ನು ಸ್ಕಿಮ್ಮರ್ (ಮೇಲೆ ತೇಲುವ ಕಸವನ್ನು ಸೆಳೆದುಕೊಳ್ಳುವ, ಗೋಡೆಯಲ್ಲಿರುವ ಕಿಂಡಿ) ಬಾಯಿಯ ಕೆಳಗೆ ಇಳಿಸಿ, ಕೊಳವೆಗಳ ಮೂಲಕ ಗಾಳಿ ಊದಬೇಕು. ನೀರು ಕೊಳಕ್ಕೆ ಮರಳಿ ಬರುವ ರಂಧ್ರದಲ್ಲಿ ಗುಳ್ಳೆಗಳು ಒಂದೇ ಸಮನೆ ಏಳತೊಡಗಿದಾಗ, ಗಾಳಿ ಇನ್ನೂ ಬರುತ್ತಿರುವಂತೆಯೇ ರಬ್ಬರ್ ಬಿರಡೆಯನ್ನು ಬಿಗಿಯಾಗಿ ತಿರುಗಿಸಬೇಕು; ಗಾಳಿ ನಿಲ್ಲಿಸಿದ ಮೇಲೆ ಬಿರಡೆ ಹುಡುಕಿದರೆ ನೀರು ಮತ್ತೆ ಒಳಗೆ ನುಗ್ಗಿರುತ್ತದೆ. ಊದಲು ಒತ್ತಡ ಕಡಿಮೆಯಿದ್ದು ಗಾಳಿ ಹೆಚ್ಚು ಬರುವ ಯಂತ್ರವೇ ಸರಿ, ಅತಿಯಾದ ಒತ್ತಡ ಕೊಳವೆಯ ಕೀಲುಗಳನ್ನೇ ಬಿಚ್ಚಬಲ್ಲದು. ಪೂರ್ತಿ ಒಣಗಿಸಲಾಗದ ಕೊಳವೆಗೆ ಪ್ರೊಪಿಲೀನ್ ಗ್ಲೈಕಾಲ್ ಇರುವ, ಈಜುಕೊಳಕ್ಕೆಂದೇ ತಯಾರಿಸಿದ ಘನೀಕರಣರೋಧಕವನ್ನು ಹಾಕಬಹುದು. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಹತ್ತಿರವೂ ತರಬೇಡಿ. ಪಂಪ್ ಮತ್ತು ಫಿಲ್ಟರ್‌ಗಳ ತಳದ ಬಿರಡೆಗಳನ್ನು ಬಿಚ್ಚಿ ನೀರು ಬಸಿದು, ಆ ಬಿರಡೆಗಳನ್ನು ಪಂಪಿನ ಬುಟ್ಟಿಯಲ್ಲೇ ಇಟ್ಟರೆ ಮುಂದೆ ಹುಡುಕುವ ಕಷ್ಟವಿರುವುದಿಲ್ಲ.

ಪ್ರಶ್ನೆ: ಹೊದಿಕೆ ಹಾಕಿದ ಮೇಲೆ ಮಕ್ಕಳ ಬಗ್ಗೆ ಚಿಂತೆ ಬೇಡವೇ?

ಉತ್ತರ: ಖಂಡಿತ ಬೇಕು. ಸಾಮಾನ್ಯ ಪ್ಲಾಸ್ಟಿಕ್ ಹೊದಿಕೆ ಎಲೆ ಮತ್ತು ಬಿಸಿಲನ್ನು ತಡೆಯುತ್ತದೆಯೇ ಹೊರತು ಮಗುವಿನ ಭಾರವನ್ನು ಹೊರುವುದಿಲ್ಲ, ಅದರ ಮೇಲೆ ನಿಂತ ಮಳೆನೀರೂ ಚಿಕ್ಕ ಮಗುವಿಗೆ ಮುಳುಗುವಷ್ಟು ಅಪಾಯಕಾರಿ. ಆದ್ದರಿಂದ ಆ ನೀರನ್ನು ಆಗಾಗ ಪಂಪ್‌ನಿಂದ ಹೊರಹಾಕಿ. ಸಾಧ್ಯವಿದ್ದರೆ ಅಂಚಿನ ಕಾಂಕ್ರೀಟಿಗೆ ಬಿಗಿಯುವ ಸುರಕ್ಷತಾ ಹೊದಿಕೆಯನ್ನೇ ಕೊಳ್ಳಿ. ಯಾವ ಹೊದಿಕೆ ಇದ್ದರೂ ಬೇಲಿಯ ಬಾಗಿಲಿಗೆ ಬೀಗ ಇರಲೇಬೇಕು.