ಸಭೆಗೆ ಸೇರುವ ಮುನ್ನ ಕೇಳಬೇಕಾದದ್ದು: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಸಹೋದರಿ,

ನಿಮ್ಮ ಪತ್ರ ತಲುಪಿತು. ಶಿಶುವಾಗಿದ್ದಾಗಲೇ ದೀಕ್ಷಾಸ್ನಾನ (ನೀರಿನಿಂದ ಕೊಡುವ ಕ್ರೈಸ್ತ ದೀಕ್ಷೆ, ಬ್ಯಾಪ್ಟಿಸಂ) ಹೊಂದಿ, ಪ್ರಾಯಕ್ಕೆ ಬಂದ ಮೇಲೆ ಆರಾಧನೆಯಿಂದ ದೂರವಾಗಿದ್ದ ನೀವು ಈಗ ಮರಳಿ ವಿಶ್ವಾಸಕ್ಕೆ ಬಂದಿರುವುದಾಗಿಯೂ, ಕೆಲವು ತಿಂಗಳಿಂದ ಎರಡು ಕ್ರೈಸ್ತ ಸಭೆಗಳಿಗೆ (ಚರ್ಚುಗಳಿಗೆ) ಹೋಗಿಬರುತ್ತಿರುವುದಾಗಿಯೂ ಬರೆದಿದ್ದೀರಿ. ಒಂದು, ಬರೆದಿಟ್ಟ ಪ್ರಾರ್ಥನಾಕ್ರಮವನ್ನು ಅನುಸರಿಸುವ ಹಳೆಯ ಪಂಗಡದ ಸಭೆ. ಇನ್ನೊಂದು, ಯಾವ ಪಂಗಡಕ್ಕೂ ಸೇರದೆ, ಹಾಡು ಮತ್ತು ಸಾಕ್ಷಿಗಳಿಗೆ ಹೆಚ್ಚು ಸಮಯ ಕೊಡುವ ಹೊಸ ಸಭೆ. ನಿಮ್ಮ ಮನಸ್ಸು ಎರಡನೆಯದರತ್ತ ವಾಲಿದೆ. ಆದರೆ ಅಲ್ಲಿನ ಪಾಲಕರು (ಪಾಸ್ಟರ್) ಮುಂದಿನ ತಿಂಗಳೇ ಮತ್ತೆ ದೀಕ್ಷಾಸ್ನಾನ ತೆಗೆದುಕೊಂಡು ಸದಸ್ಯರಾಗಬೇಕೆಂದು ಒತ್ತಾಯಿಸುತ್ತಿದ್ದಾರೆ. "ಎರಡರಲ್ಲಿ ಯಾವ ಸಭೆ ಸರಿ?" ಎಂಬುದು ನಿಮ್ಮ ಪ್ರಶ್ನೆ.

ನೋಡದ ಸಭೆಗಳ ಬಗ್ಗೆ ತೀರ್ಪು ಕೊಡುವುದು ನನಗೆ ಸಲ್ಲದು. ಆದರೆ ಒಂದು ಮಾತನ್ನು ಖಚಿತವಾಗಿ ಹೇಳುತ್ತೇನೆ: ಈ ಸಭೆ ಏನನ್ನು ನಂಬುತ್ತದೆ, ಇದರ ನಾಯಕರು ಯಾರಿಗೆ ಲೆಕ್ಕ ಒಪ್ಪಿಸುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ತಿಳಿಯಾದ ಉತ್ತರ ಸಿಗುವವರೆಗೆ ಯಾವ ಸಭೆಯ ಸದಸ್ಯತ್ವಕ್ಕೂ ಸಹಿ ಹಾಕಬೇಡಿ. ಹಾಡಿನ ಶೈಲಿ, ಕಟ್ಟಡ, ಆರಾಧನೆಯ ಸಮಯ, ಮನೆಯಿಂದ ಇರುವ ದೂರ ಇವೆಲ್ಲ ವಾರವಾರವೂ ಅನುಭವಕ್ಕೆ ಬರುವ ಸಂಗತಿಗಳೇ ಆದರೂ ಮೊದಲು ಇತ್ಯರ್ಥವಾಗಬೇಕಾದವು ಆ ಎರಡೇ.

ನಂಬಿಕೆಯ ವಿಷಯಕ್ಕೆ ಬರೋಣ. 325ರಲ್ಲಿ ನೈಸೀಯದಲ್ಲಿ ಕೂಡಿದ ಮಹಾಸಭೆ ಮತ್ತು 381ರಲ್ಲಿ ಕಾನ್ಸ್ಟಾಂಟಿನೋಪಲ್‌ನಲ್ಲಿ ಕೂಡಿದ ಮಹಾಸಭೆಯಿಂದ ನಮಗೆ ಬಂದಿರುವ ವಿಶ್ವಾಸಪ್ರಮಾಣವನ್ನು, ಅಂದರೆ ನಂಬಿಕೆಯ ಸಾರವನ್ನು ಸಾರುವ ಹೇಳಿಕೆಯನ್ನು, ಕಥೋಲಿಕ, ಆರ್ಥೊಡಾಕ್ಸ್, ಲೂಥರನ್, ಆಂಗ್ಲಿಕನ್ ಸಭೆಗಳು ಇಂದಿಗೂ ಆರಾಧನೆಯಲ್ಲಿ ಉಚ್ಚರಿಸುತ್ತವೆ. ಅದನ್ನು ಬಾಯಲ್ಲಿ ಹೇಳದಿದ್ದರೂ ಅದರ ಸಾರವನ್ನು ಪೂರ್ತಿಯಾಗಿ ಒಪ್ಪುವ ಬ್ಯಾಪ್ಟಿಸ್ಟ್ ಮತ್ತು ಪೆಂತೆಕೊಸ್ತ್ ಸಭೆಗಳು ಬಹಳಷ್ಟಿವೆ. ತ್ರಿಯೇಕತ್ವವನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರೆಂಬುದನ್ನು, ಒಪ್ಪದೆ ಕ್ರಿಸ್ತನ ಹೆಸರಿನಲ್ಲಿ ಕೂಡುವ ಗುಂಪುಗಳೂ ಇವೆ. ಆದ್ದರಿಂದ ಹೊಸ ಸಭೆಯ ಪಾಲಕರನ್ನು ಭೇಟಿಯಾಗುವಾಗ ಆ ವಿಶ್ವಾಸಪ್ರಮಾಣದ ಒಂದು ಪ್ರತಿಯನ್ನು ಜೊತೆಗೆ ಒಯ್ಯಿರಿ. ಎದುರಿಗಿಟ್ಟು, ಇದರಲ್ಲಿ ನಿಮ್ಮ ಸಭೆ ಒಪ್ಪದ ಸಾಲು ಯಾವುದಾದರೂ ಇದೆಯೇ ಎಂದು ವಿನಯದಿಂದ ಕೇಳಿ. "ನಮಗೆ ಸತ್ಯವೇದವೊಂದೇ ಸಾಕು, ವಿಶ್ವಾಸಪ್ರಮಾಣ ಬೇಡ" ಎಂದು ಅವರು ಹೇಳಬಹುದು. ಪ್ರಾಮಾಣಿಕವಾದ ಮಾತೇ ಇರಬಹುದು, ಆದರೂ ಅಲ್ಲಿಗೆ ಮಾತು ಮುಗಿಯಗೊಡಬೇಡಿ; ಸತ್ಯವೇದ ಯೇಸುವಿನ ಬಗ್ಗೆ ಏನು ಕಲಿಸುತ್ತದೆಂದು ನೀವು ನಂಬುತ್ತೀರಿ ಎಂದು ಮುಂದುವರಿಸಿ ಕೇಳಿ. ಬೆರೋಯ ಎಂಬ ಊರಿನವರು ಅಪೊಸ್ತಲನಾದ ಪೌಲನ ಉಪದೇಶವನ್ನು ಕೇಳಿ, ಅದು ಹೌದೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರಗ್ರಂಥಗಳಲ್ಲಿ ಹುಡುಕಿ ನೋಡಿದ್ದನ್ನು ಸತ್ಯವೇದದ ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯ ಮೆಚ್ಚಿಕೊಂಡೇ ದಾಖಲಿಸಿದೆ. ಪ್ರಶ್ನೆ ಕೇಳುವುದು ಅವಿಶ್ವಾಸದ ಗುರುತು ಎಂದು ಯಾರಾದರೂ ಹೇಳಿದರೆ ಆ ಅಧ್ಯಾಯವನ್ನು ತೆರೆದು ತೋರಿಸಿ.

ದೀಕ್ಷಾಸ್ನಾನದ ಪ್ರಶ್ನೆಯೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂಬುದು ಪತ್ರದಿಂದ ತಿಳಿಯುತ್ತದೆ, ಮತ್ತು ಅದು ಕಾಡಬೇಕಾದ ಪ್ರಶ್ನೆಯೇ ಹೌದು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಸಭೆಗಳು ಫಿಲಿಪ್ಪಿಯಲ್ಲಿ ಲುದ್ಯಳೂ ಸೆರೆಮನೆಯ ಅಧಿಕಾರಿಯೂ ಮನೆಮಂದಿಯ ಸಮೇತ ದೀಕ್ಷಾಸ್ನಾನ ಹೊಂದಿದ್ದನ್ನು ಎತ್ತಿ ತೋರಿಸುತ್ತವೆ. ಮನುಷ್ಯನು ಕೇಳುವುದಕ್ಕೂ ಮೊದಲೇ ದೇವರ ಕೃಪೆ ಅವನನ್ನು ಅರಸಿ ಬರುತ್ತದೆಂಬುದು ಅವುಗಳ ಬೋಧನೆ. ನಂಬಿದವರಿಗೆ ಮಾತ್ರ ಕೊಡುವ ಸಭೆಗಳು ಸುವಾರ್ತೆ ಕೇಳಿ ತಾನಾಗಿಯೇ ನೀರಿಗಿಳಿದ ಐಥಿಯೋಪ್ಯದ ರಾಣಿಯ ಅಧಿಕಾರಿಯಾಗಿದ್ದ ಕಂಚುಕಿಯನ್ನು ನೆನಪಿಸುತ್ತವೆ. ತನ್ನ ನಂಬಿಕೆಯನ್ನು ತಾನೇ ಬಾಯಿಬಿಟ್ಟು ಹೇಳದೆ ದೀಕ್ಷಾಸ್ನಾನವಿಲ್ಲ ಎನ್ನುತ್ತವೆ. ಈ ಎರಡನೆಯ ನಿಲುವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. 1525ರಲ್ಲಿ ಜ್ಯೂರಿಕ್‌ನಲ್ಲಿ ವಯಸ್ಕರು ಪರಸ್ಪರ ದೀಕ್ಷಾಸ್ನಾನ ಕೊಟ್ಟುಕೊಂಡಾಗ ನಗರದ ಆಡಳಿತ ಅವರನ್ನು ಹಿಂಸಿಸಿತು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿಯಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಜೀವ ತೆತ್ತು ಉಳಿಸಿಕೊಂಡ ನಂಬಿಕೆ ಅದು.

ಆದರೂ ಇದರ ಇನ್ನೊಂದು ಮುಖವನ್ನು ನೀವು ತಿಳಿದಿರಬೇಕು. ಶಿಶುವಾಗಿದ್ದಾಗ ನಿಮಗಾದದ್ದು ದೀಕ್ಷಾಸ್ನಾನವೇ ಎಂದು ನಿಮ್ಮ ಹಳೆಯ ಸಭೆ ನಂಬುತ್ತದೆ, ಮತ್ತು ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಒಮ್ಮೆ ಆದದ್ದು ಮತ್ತೆ ಆಗಬೇಕಿಲ್ಲ ಎನ್ನುತ್ತದೆ. ಸಭೆಗಳ ಜಾಗತಿಕ ಒಕ್ಕೂಟದ ವಿಶ್ವಾಸ ಮತ್ತು ವ್ಯವಸ್ಥೆಯ ಆಯೋಗವು 1982ರಲ್ಲಿ ಲಿಮಾದಲ್ಲಿ ಸಿದ್ಧಪಡಿಸಿದ ಹೇಳಿಕೆಯೂ ದೀಕ್ಷಾಸ್ನಾನ ಪುನರಾವರ್ತನೆಯಾಗದ ಕ್ರಿಯೆ ಎಂದು ಹೇಳಿದೆ. ಹೀಗಾಗಿ ಹೊಸ ಸಭೆಯಲ್ಲಿ ನೀರಿಗಿಳಿಯುವುದೆಂದರೆ ಮೊದಲನೆಯದು ದೀಕ್ಷಾಸ್ನಾನವೇ ಅಲ್ಲವೆಂದು ನೀವು ಬಹಿರಂಗವಾಗಿ ಒಪ್ಪಿಕೊಂಡಂತೆ. ಓದಿ, ಪ್ರಾರ್ಥಿಸಿ, ಮನಸ್ಸಾಕ್ಷಿ ಅಲ್ಲಿಗೇ ಬಂದು ನಿಂತರೆ ಧೈರ್ಯವಾಗಿ ಇಳಿಯಿರಿ. ಸದಸ್ಯತ್ವಕ್ಕೆ ಬೇಕಾದ ಶರತ್ತೆಂಬ ಕಾರಣಕ್ಕೆ, ಅಥವಾ ಪಾಲಕರಿಗೆ ಬೇಸರವಾದೀತೆಂಬ ದಾಕ್ಷಿಣ್ಯಕ್ಕೆ ಮಾತ್ರ ಇಳಿಯಬೇಡಿ. ಮುಂದಿನ ತಿಂಗಳೇ ಆಗಬೇಕೆಂಬ ಆತುರ ನನಗೆ ಹಿಡಿಸಲಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಪ್ರಾಚೀನ ಸಭೆಯಲ್ಲಿ ದೀಕ್ಷಾರ್ಥಿಗಳನ್ನು ದೀರ್ಘಕಾಲ ಕಲಿಸಿ, ಪರೀಕ್ಷಿಸಿ, ಬಳಿಕವೇ ಸೇರಿಸಿಕೊಳ್ಳುವ ಪದ್ಧತಿ ಬೆಳೆದಿತ್ತು. ನಿಮಗಾಗಿ ಆರು ತಿಂಗಳು ಕಾಯಲಾರದ ಸಭೆ ಮುಂದೆ ನಿಮ್ಮ ಸಂಶಯಗಳನ್ನು ಹೇಗೆ ಸಹಿಸೀತು?

ಇನ್ನು ಲೆಕ್ಕ ಒಪ್ಪಿಸುವ ಮಾತು. ಬಿಷಪರಿರುವ ಸಭೆಗಳಲ್ಲಿ ಪಾಲಕರ ಮೇಲೆ ದೂರು ಹೇಳಲು ಒಂದು ಸ್ಥಾನವಿದೆ. ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಹಿರಿಯರ ಮಂಡಲಿಯಿದೆ. ಬ್ಯಾಪ್ಟಿಸ್ಟರಲ್ಲಿ ಸದಸ್ಯರ ಸಭೆಯೇ ಪಾಲಕರನ್ನು ಆರಿಸುತ್ತದೆ, ತೆಗೆಯಲೂಬಲ್ಲದು. ಯಾವ ವ್ಯವಸ್ಥೆಯೂ ತಪ್ಪಿಗೆ ಅತೀತವಲ್ಲ, ಎಲ್ಲದರಲ್ಲೂ ಅಧಿಕಾರದ ದುರುಪಯೋಗ ಆಗಿದೆ. ಆದರೆ ಪಾಲಕರೇ ಸ್ಥಾಪಕರು, ಅವರ ಕುಟುಂಬವೇ ಆಡಳಿತ ಮಂಡಲಿ, ಖಾತೆಯೂ ಅವರ ಹೆಸರಿನಲ್ಲೇ ಎಂಬಲ್ಲಿ ತಪ್ಪನ್ನು ತಿದ್ದುವ ದಾರಿಯೇ ಇರುವುದಿಲ್ಲ. ಪೇತ್ರನು ತಪ್ಪಿದಾಗ ಅವನನ್ನು ಮುಖಾಮುಖಿಯಾಗಿ ಎದುರಿಸಿದೆನೆಂದು ಪೌಲನು ಗಲಾತ್ಯದವರಿಗೆ ಬರೆಯುತ್ತಾನೆ. ಅದೇ ಪೌಲನು ಬಡವರಿಗಾಗಿ ಕೂಡಿಸಿದ ಹಣವನ್ನು ಸಾಗಿಸುವಾಗ ಯಾರೂ ತಮ್ಮ ಮೇಲೆ ತಪ್ಪು ಹೊರಿಸಬಾರದೆಂದು ಸಭೆಗಳು ನೇಮಿಸಿದವರನ್ನು ಜೊತೆಗೆ ಸೇರಿಸಿಕೊಂಡನು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಇದು ವಿವರವಾಗಿದೆ. ಕಳೆದ ವರ್ಷದ ಲೆಕ್ಕಪತ್ರವನ್ನು ತೋರಿಸಿ ಎಂದು ನೀವು ಕೇಳಿದಾಗ, ದಶಮಾಂಶದ (ಆದಾಯದ ಹತ್ತರಲ್ಲೊಂದು ಪಾಲನ್ನು ಕಾಣಿಕೆಯಾಗಿ ಕೊಡುವುದರ) ಬಗ್ಗೆ ದೀರ್ಘ ಪ್ರಸಂಗ ಮಾಡುವ ಸಭೆ ಏನು ಉತ್ತರಿಸುತ್ತದೆಂಬುದನ್ನು ಗಮನವಿಟ್ಟು ಕೇಳಿಸಿಕೊಳ್ಳಿ.

ಆರಾಧನೆ ಮುಗಿದ ಕೂಡಲೇ ಹೊರಡಬೇಡಿ. ಯಾಕೋಬನು ತನ್ನ ಪತ್ರಿಕೆಯಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನವನ್ನೂ ಕೊಳಕು ಬಟ್ಟೆಯವನಿಗೆ ಪಾದಪೀಠದ ಬಳಿಯ ನೆಲವನ್ನೂ ಕೊಡುವ ಸಭೆಯನ್ನು ಗದರಿಸುತ್ತಾನಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಒಂಟಿಯಾಗಿ ಕುಳಿತ ವಿಧವೆಯೊಡನೆ, ತಡವಾಗಿ ಬಂದ ಕೂಲಿಯವನೊಡನೆ ಯಾರು ಮಾತಾಡುತ್ತಾರೆ, ಎಷ್ಟು ಹೊತ್ತು ಮಾತಾಡುತ್ತಾರೆ ಎಂದು ನೋಡಿ. ಹಾಗೆಯೇ, ಆ ಸಭೆಯನ್ನು ಬಿಟ್ಟುಹೋದವರ ಬಗ್ಗೆ ಉಳಿದವರು ಯಾವ ಧಾಟಿಯಲ್ಲಿ ಮಾತಾಡುತ್ತಾರೆಂದೂ ಗಮನಿಸಿ. ನಾಳೆ ನೀವು ಬಿಡುವ ಪ್ರಸಂಗ ಬಂದರೆ ನಿಮ್ಮ ಬಗ್ಗೆಯೂ ಅದೇ ಮಾತು ಬರುತ್ತದೆ.

ಹೊಸ ಸಭೆಗೆ ಸೇರುವುದೆಂದು ತೀರ್ಮಾನಿಸಿದರೆ ಹಳೆಯ ಸಭೆಗೆ ತಿಳಿಸಬೇಕೇ ಎಂದೂ ಕೇಳಿದ್ದೀರಿ. ಖಂಡಿತ ತಿಳಿಸಿ, ಅದೂ ನೇರವಾಗಿ ಹೋಗಿ. ಅಲ್ಲಿನ ಪಾಲಕರು ನಿಮ್ಮನ್ನು ತಡೆಯಲು ಮಾತಾಡಿದರೆ ಪೂರ್ತಿ ಕೇಳಿಸಿಕೊಳ್ಳಿ. ನೀವು ಯೋಚಿಸದ ಯಾವುದಾದರೂ ಸಂಗತಿಯನ್ನು ಅವರು ಹೇಳಬಹುದು. ನಿಮ್ಮ ದೀಕ್ಷಾಸ್ನಾನದ ದಾಖಲೆಯ ಪ್ರತಿಯನ್ನು ಅದೇ ಭೇಟಿಯಲ್ಲಿ ಕೇಳಿ ಪಡೆಯಿರಿ. ಎಲ್ಲಿಗೆ ಸೇರಿದರೂ ಅದು ನಿಮ್ಮ ಬಳಿ ಇರಲಿ.

– ಸಂಪಾದಕರು