ಸ್ಕೂಬಾ ಡೈವಿಂಗ್‌ಗೆ ಚಿಕ್ಕ ಬ್ಯಾಕಪ್ ಟಾರ್ಚ್ ಆಯ್ಕೆ ಮಾಡುವುದು ಹೇಗೆ?

ಬ್ಯಾಕಪ್ ಟಾರ್ಚ್‌ಗೆ ಇರುವುದು ಒಂದೇ ಕೆಲಸ: ದೊಡ್ಡ ಟಾರ್ಚ್ ಕೈಕೊಟ್ಟಾಗ ಮೇಲೆ ಬರುವವರೆಗೆ ದಾರಿ ತೋರಿಸುವುದು. ಹಾಗಾಗಿ ಸುಮ್ನೆ ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಲೆಕ್ಕದ ಹಿಂದೆ ಬೀಳಬೇಡಿ.

ನಾನು ಮೊದಲು ನೋಡುವುದು ಸ್ವಿಚ್. ತಲೆಭಾಗ ತಿರುಗಿಸಿದರೆ ಹತ್ತುವಂಥದ್ದು ನನಗೆ ಇಷ್ಟ. ಗುಂಡಿಯಾದರೆ ಬ್ಯಾಗಿನೊಳಗೇ ಒತ್ತಿಕೊಂಡು ಬ್ಯಾಟರಿ ಖಾಲಿಯಾಗಬಹುದು. ಆದರೆ ತಿರುಗಿಸುವುದರಲ್ಲೂ ಹದ ಬೇಕು. ಬೆಳಕು ಆರಿಸಲು ತಿರುಗಿಸುವಾಗ ತೀರಾ ಕಮ್ಮಿ ಸಡಿಲಿಸಿದರೆ ಆಳದಲ್ಲಿ ನೀರಿನ ಒತ್ತಡಕ್ಕೆ ತಲೆಭಾಗ ಒಳಸರಿದು ತಾನಾಗೇ ಹತ್ತಬಹುದು. ಜಾಸ್ತಿ ಸಡಿಲಿಸಿದರೆ ನೀರು ನುಗ್ಗುತ್ತದೆ. ನೀರು ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಎರಡು ಇದ್ದರೆ ಒಳ್ಳೆಯದು. ಬ್ಯಾಟರಿ ಹಾಕುವಾಗ ಓ-ರಿಂಗನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಕೂದಲೆಳೆ, ಒಂದು ಮರಳಿನ ಕಣ ಕೂತಿದ್ದರೂ ನೀರು ಒಳಗಿಳಿಯಬಹುದು.

ಬೆಳಕು ಕಿರಿದಾಗಿರಲಿ. ಕಲಕಿದ ನೀರಿನಲ್ಲಿ ಅಗಲ ಬೆಳಕು ಕಣಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಜೊತೆಗಾರರಿಗೆ ಸಿಗ್ನಲ್ ಕೊಡಲೂ ಕಿರಿದಾದದ್ದೇ ಸರಿ.

ಬರೀ ‘ವಾಟರ್‌ಪ್ರೂಫ್’ ಅಂತ ಬರೆದಿದ್ದರೆ ಸಾಲದು, ಅಲ್ವಾ? 100 ಮೀಟರ್ ಆಳಕ್ಕೆ ತಡೆಯುವಂಥದ್ದೇ ತಗೊಳ್ಳಿ.

ಬ್ಯಾಟರಿ ಸಾಮಾನ್ಯ ಸೈಜಿನದಿರಲಿ; ರೀಚಾರ್ಜಬಲ್‌ಗಿಂತ ಹೊಸ ಅಲ್ಕಲೈನ್ ಮೇಲು, ಏಕೆಂದರೆ ಸುಮ್ನೆ ಇಟ್ಟರೂ ಚಾರ್ಜ್ ಅಷ್ಟಾಗಿ ಇಳಿಯುವುದಿಲ್ಲ. ಟಾರ್ಚನ್ನು ಎದೆಯ ಮೇಲಿನ ಪಟ್ಟಿಯಲ್ಲಿರುವ D ಆಕಾರದ ಬಳೆಗೆ, ಅಂದರೆ ಡಿ-ರಿಂಗ್‌ಗೆ ಸಿಕ್ಕಿಸಿ, ತೂಗಾಡದಂತೆ ರಬ್ಬರ್ ಪಟ್ಟಿ ಹಾಕಿ. ಕತ್ತಲಲ್ಲಿ, ಗ್ಲೌಸ್ ಹಾಕಿದ ಒಂದೇ ಕೈಯಲ್ಲಿ ಹಚ್ಚಲು ಬರಬೇಕು.