ನೆಂಟರ ನಂಬರ್ ಅಳಿಸಬೇಡ ತಮ್ಮಾ

ಅಸ್ಸಲಾಮು ಅಲೈಕುಂ ತಮ್ಮಾ,

ಇಲ್ಲಿ ಆಸ್ಟ್ರೇಲಿಯಾದಲ್ಲಿ, ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಖುಷಿಯಾಯ್ತು. ಮನೆ ಬಾಡಿಗೆ ದುಬಾರಿ, ಹಲಾಲ್ ಮಾಂಸಕ್ಕೆ ತೊಂದರೆಯಿಲ್ಲ, ಊರಿನ ಹಾಲೆಂಡ್ ಪಾರ್ಕ್ ಬಡಾವಣೆಯಲ್ಲಿ 1908ರಿಂದ ಮಸೀದಿ ಇದೆ. ನಿನ್ನ ಕೊನೆಯ ಪ್ರಶ್ನೆಗೇ ಸ್ವಲ್ಪ ಹೊತ್ತು ಬೇಕು: ಹೆಸರು ನೋಡಿ ಪೊಲೀಸರು ಹಿಂದೆ ಬೀಳ್ತಾರಾ, ಬರೋ ಮೊದಲು ದೂರದ ನೆಂಟರ ವಾಟ್ಸಾಪ್ ಗ್ರೂಪೆಲ್ಲ ಬಿಟ್ಟುಬಿಡಲಾ ಅಂತ ಕೇಳಿದ್ದೀಯಲ್ಲ.

ಮೂಡಿಗೆರೆಯಿಂದ ಬಂದು ಇಲ್ಲಿ ಕೆಲಸದಲ್ಲಿದ್ದ ಡಾಕ್ಟರ್ ಮೊಹಮ್ಮದ್ ಹನೀಫ್ ಅವರ ಕತೆ ಮನೆಯಲ್ಲಿ ಯಾರೋ ಹೇಳಿ ಹೆದರಿಸಿರಬೇಕು. ಪೂರ್ತಿ ತಿಳ್ಕೋ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಜೀಪು ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನವನು, ಹನೀಫರಿಗೆ ದೂರದ ಸಂಬಂಧಿ. ಹಿಂದಿನ ವರ್ಷ ಬ್ರಿಟನ್ ಬಿಡುವಾಗ ಹನೀಫ್ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮ ಸಬೀಲನಿಗೆ ಕೊಟ್ಟು ಬಂದಿದ್ದರು. ಅಷ್ಟೇ ನಂಟು. ಜುಲೈ 2ರಂದು, ಆಗತಾನೇ ಹುಟ್ಟಿದ ಮಗಳನ್ನು ನೋಡಲು ಊರಿಗೆ ಹೊರಟವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲೇ ಹಿಡಿದರು. ಅದಕ್ಕೂ ಮೊದಲು ಸಿಮ್ ವಿಷಯ ಹೇಳೋಣ ಅಂತ ಅವರೇ ಬ್ರಿಟನ್ನಿನ ಪೊಲೀಸ್ ಅಧಿಕಾರಿಗೆ ಫೋನ್ ಹಚ್ಚಿದ್ದರು, ಆ ಕಡೆ ಯಾರೂ ಎತ್ತಲಿಲ್ಲ.

ಆರೋಪ ಹೊರಿಸದೆ 12 ದಿನ ಒಳಗಿಟ್ಟರು. ವಿಚಾರಣೆಗೆ ಒಟ್ಟು 24 ಗಂಟೆ ಅಂತ ಕಾನೂನಿನಲ್ಲಿತ್ತು, ಆದರೆ ಮಾಹಿತಿಗಾಗಿ ಕಾಯುವ ಹೊತ್ತು ಲೆಕ್ಕಕ್ಕಿಲ್ಲ. ಹಾಗೆ ಗಡಿಯಾರ ನಿಲ್ಲಿಸಿಕೊಂಡೇ ದಿನ ದೂಡಿದರು. ಆಮೇಲೆ ಆ ಸಿಮ್ ಕೊಟ್ಟದ್ದಕ್ಕೇ ಆರೋಪ ಹೊರಿಸಿದರು. ಸಿಮ್ ಆ ಜೀಪಿನಲ್ಲೇ ಸಿಕ್ಕಿತು ಅಂತ ಕೋರ್ಟಿನಲ್ಲಿ ಹೇಳಿದರು. ನಿಜವಾಗಿ ಅದಿದ್ದದ್ದು ಲಿವರ್‌ಪೂಲಿನಲ್ಲಿ, ಸಬೀಲನ ಹತ್ತಿರ. ಹನೀಫರ ವಿರುದ್ಧ ತನ್ನ ಬಳಿ ಏನೂ ಇಲ್ಲ ಅಂತ ಇಲ್ಲಿನ ಗುಪ್ತಚರ ಸಂಸ್ಥೆ ಏಸಿಯೋ ಆಗಲೇ ತಿಳಿಸಿತ್ತು!

ಈಗ ಮುಖ್ಯವಾದದ್ದು. ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಅದೇ ದಿನ ವಲಸೆ ಸಚಿವ ಕೆವಿನ್ ಆಂಡ್ರೂಸ್ 'ನಡತೆ ಸರಿಯಿಲ್ಲ' ಅಂತ ವೀಸಾ ರದ್ದು ಮಾಡಿದರು. ಜಾಮೀನು ಸಿಕ್ಕಿದವರು ಹೊರಗೆ ಬರಲಾಗಲಿಲ್ಲ. ಅದಕ್ಕೇ ಹೇಳೋದು, ನಮ್ಮಂಥ ತಾತ್ಕಾಲಿಕ ವೀಸಾದವರಿಗೆ ಪೊಲೀಸ್ ಠಾಣೆಗಿಂತ ವಲಸೆ ಇಲಾಖೆಯ ಕಾಗದ ದೊಡ್ಡ ಅಪಾಯ. ಪೊಲೀಸರು ಹಿಡಿದರೆ ಕೋರ್ಟಿಗೆ ಪುರಾವೆ ಕೊಡಬೇಕು, ಸಚಿವರಿಗೆ ಅನುಮಾನವೇ ಸಾಕು. ಕ್ವೀನ್ಸ್‌ಲ್ಯಾಂಡಿಗೆ 2019ರ ಮಾನವ ಹಕ್ಕು ಕಾಯ್ದೆ ಇದೆ ಅಂತ ಓದಿದ್ದೀಯ, ಒಳ್ಳೇದೇ. ಅದು ಈ ರಾಜ್ಯ ಸರ್ಕಾರದವರಿಗೆ ಮಾತ್ರ. ಕೇಂದ್ರ ಸರ್ಕಾರದ ಫೆಡರಲ್ ಪೊಲೀಸರು, ವಲಸೆ ಇಲಾಖೆ ಅದರ ಕೆಳಗೆ ಬರೋದಿಲ್ಲ, ದೇಶಕ್ಕೆಲ್ಲ ಅನ್ವಯಿಸುವ ಅಂಥ ಕಾಯ್ದೆ ಇಲ್ಲಿಲ್ಲ.

ಕೊನೆಗೆ ಏನಾಯ್ತು ಗೊತ್ತಾ? ಹನೀಫರ ವಕೀಲ ಸ್ಟೀಫನ್ ಕೈಮ್ ಪೊಲೀಸ್ ವಿಚಾರಣೆಯ ಪ್ರಶ್ನೋತ್ತರದ ಬರಹವನ್ನೇ ಪತ್ರಿಕೆಗೆ ಕೊಟ್ಟರು, ಜುಲೈ 27ಕ್ಕೆ ಆರೋಪ ಬಿದ್ದುಹೋಯ್ತು. ಆಗಸ್ಟಿನಲ್ಲಿ ನ್ಯಾಯಮೂರ್ತಿ ಸ್ಪೆಂಡರ್ ವೀಸಾ ರದ್ದತಿಯನ್ನೂ ತಳ್ಳಿಹಾಕಿದರು. ಅಪರಾಧಿಗೆ ನೆಂಟ ಅನ್ನೋದೊಂದೇ ನಡತೆ ಕೆಟ್ಟದ್ದಕ್ಕೆ ಸಾಕ್ಷಿಯಾಗದು ಅನ್ನೋದು ತೀರ್ಪಿನ ತಿರುಳು. ಮೇಲ್ಮನವಿಯಲ್ಲೂ ಅದೇ ನಿಂತಿತು. 2010ರಲ್ಲಿ ಸರ್ಕಾರ ಪರಿಹಾರ ಕೊಟ್ಟಿತು, ಆ ಲೆಕ್ಕಕ್ಕಿಲ್ಲದ ಹೊತ್ತಿಗೂ 7 ದಿನದ ಮಿತಿ ಹಾಕಿದರು. 7 ದಿನ ಅಂದರೂ ಕಮ್ಮಿಯಲ್ಲ ಅನ್ನು. ಹಾಗಾಗಿ ನೆಂಟರ ನಂಬರ್ ಅಳಿಸೋದರಲ್ಲಿ ಅರ್ಥವಿಲ್ಲ. ಬರೋ ಹೊತ್ತಿಗೆ ಸರಿಯಾಗಿ ಅಳಿಸಿದ್ದು ಕಂಡರೆ ಯಾಕೆ ಅಂತ ಕೇಳಲಿಕ್ಕೆ ಅದೇ ನೆಪವಾದೀತು.

ದಿನನಿತ್ಯ ಯಾರೂ ಬಂದು ಬಾಗಿಲು ತಟ್ಟೋದಿಲ್ಲ. ತಟ್ಟಿದರೆ, ವಾರೆಂಟ್ ಇದೆಯಾ ಕೇಳು. ಏಸಿಯೋದವರು 'ಸುಮ್ಮನೆ ಒಂದು ಮಾತು' ಅಂದರೂ, ವಾರೆಂಟ್ ಇಲ್ಲದಿದ್ದರೆ ಮಾತಾಡೋದು ಬಿಡೋದು ನಿನ್ನಿಷ್ಟ. ಪೊಲೀಸರಿಗೆ ಹೆಸರು, ವಿಳಾಸ ಕೊಟ್ಟು, ಉಳಿದದ್ದಕ್ಕೆ ವಕೀಲರು ಬರಲಿ ಅನ್ನು. ಮುಚ್ಚಿಡೋಕೆ ಏನೂ ಇಲ್ಲ ಅಂತ ನಮ್ಮವರು ಎಲ್ಲಾ ಹೇಳಿಬಿಡ್ತಾರೆ, ಸಿಕ್ಕಿಹಾಕಿಕೊಳ್ಳೋದೇ ಅಲ್ಲಿ. ವಿಮಾನ ನಿಲ್ದಾಣದಲ್ಲಿ ಫೋನಿನ ಪಾಸ್‌ವರ್ಡ್ ಕೇಳಬಹುದು, ಕೋರ್ಟಿನ ಆದೇಶವಿಲ್ಲದೆ ಕೊಡಲೇಬೇಕಿಲ್ಲ, ಆದರೆ ಫೋನನ್ನು ಇಟ್ಟುಕೊಳ್ಳಬಹುದು.

ಇನ್ನು ಆ ಗ್ರೂಪುಗಳು. ಮದುವೆ, ಹಬ್ಬದ ಗ್ರೂಪು ಇರಲಿ. ಕೊಲೆ, ಬಾಂಬಿನ ವಿಡಿಯೋ ಹರಿಯಬಿಡೋ ಗ್ರೂಪಿದ್ದರೆ ಇವತ್ತೇ ಬಿಡು. ಉಗ್ರ ಹಿಂಸೆಗೆ ಕುಮ್ಮಕ್ಕು ಕೊಡುವಂಥದ್ದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಇಟ್ಟುಕೊಳ್ಳೋದೂ 2024ರ ಜನವರಿಯಿಂದ ಇಲ್ಲಿ ಅಪರಾಧ. ವಾಟ್ಸಾಪಿನಲ್ಲಿ ಆಟೋ ಡೌನ್‌ಲೋಡ್ ಆಫ್ ಮಾಡಿಕೊಂಡೇ ವಿಮಾನ ಹತ್ತು.